ಕಿಟಕಿಯಲ್ಲಿಟ್ಟ ನೀರು

ಯಾರಾದರೂ ಹೊಗಳಿದರೆ ಇಂದ್ರಮ್ಮನಿಗೆ ಹೆದರಿಕೆಯಾಗುತ್ತಿತ್ತು. ಹೋದ ವರ್ಷದ ಬೇಸಿಗೆಯಲ್ಲಿ ಹಿಡಿದ ಹೆದರಿಕೆ ಅದು. ಮದ್ದೂರಿನ ಪ್ರಾರ್ಥನೆ ಸಭೆಯಲ್ಲಿ ಹೆಂಗಸರು ಅವಳ ಕೈ ಹಿಡಿದುಕೊಂಡು, "ಲಕ್ವ ಹೊಡೆದ ಅತ್ತೇನ ಮಗೀನಂಗೆ ನೋಡ್ಕತಾವಳೆ. ಯೇಸಪ್ಪನ ಗುಣ ಬಂದದೆ ಕಣಮ್ಮ ಇವಳಿಗೆ," ಎನ್ನುತ್ತಿದ್ದರು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು, ಚಪ್ಪಲಿ ಹುಡುಕುವವಳ ಹಾಗೆ ಬಾಗಿಲ ಕಡೆ ನಡೆದುಬಿಡುತ್ತಿದ್ದಳು. ನಾಚಿಕೆ ಸ್ವಭಾವ ಎಂದು ಅವರು ಇನ್ನಷ್ಟು ಮೆಚ್ಚುತ್ತಿದ್ದರು.

ಇಂದ್ರಮ್ಮ ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕಡೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಆತಗೂರಿನಿಂದ ಎರಡು ಮೈಲಿ ಒಳಗಿರುವ ಊರಿಗೆ ಬಂದಳು. ಗಂಡ ಪುಟ್ಟರಾಜುವಿಗೆ ಒಂದೆಕರೆ ಕಬ್ಬು, ಒಂದು ಹಳೆಯ ಟೆಂಪೊ. ಸುತ್ತಿನ ತೋಟಗಳ ಎಳನೀರು ತುಂಬಿಕೊಂಡು ಬೆಳಿಗ್ಗೆ ಮದ್ದೂರಿನ ಮಾರುಕಟ್ಟೆಗೆ ಹೋದರೆ ಬರುವುದು ಸಂಜೆಗೇ. ಇಂದ್ರಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಒಬ್ಬಳೇ ಮಗಳು ದೀಪಿಕ, ಮಂಡ್ಯದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಮನೆಯಲ್ಲಿ ನಾಲ್ಕನೆಯವರು ಅತ್ತೆ ಪಟ್ಟಲಮ್ಮ. ಗಂಡ ಸತ್ತ ಮೇಲೆ ಗದ್ದೆಗೆ ತಾನೇ ನೀರು ಕಟ್ಟಿ ಮಗನನ್ನು ಸಾಕಿದ ಹೆಂಗಸು. ಆಕೆ ಜಗಲಿಯ ಮೇಲೆ ಕೂತು ಬೈದರೆ ಮೂರನೆಯ ಬೀದಿಗೂ ಕೇಳುತ್ತಿತ್ತು.

ದೀಪಿಕ ಎರಡು ವರ್ಷದ ಮಗುವಾಗಿದ್ದಾಗ ಇಂದ್ರಮ್ಮನಿಗೆ ಕ್ಷಯ ಬಂತು. ಮಂಡ್ಯದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ದಿನ ಮಲಗಿದ್ದಳು. ಮನೆಗೆ ಬಂದಾಗ ಪಟ್ಟಲಮ್ಮ ಕೊಟ್ಟಿಗೆಯ ಪಕ್ಕದ ಸೌದೆ ಕೋಣೆಯಲ್ಲಿ ಚಾಪೆ ಹಾಸಿ, ತಟ್ಟೆ ಲೋಟ ಬೇರೆ ಮಾಡಿ, ಮಗುವನ್ನು ತನ್ನ ಸೊಂಟಕ್ಕೇರಿಸಿಕೊಂಡಿದ್ದರು. ಔಷಧಿ ತಪ್ಪದೆ ತಗೊಂಡರೆ ಕೆಲವು ವಾರದ ಮೇಲೆ ಅಂಟುವ ಭಯವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಪಟ್ಟಲಮ್ಮ ಕೇಳಲಿಲ್ಲ. ಹನ್ನೊಂದು ತಿಂಗಳು ಮಗುವನ್ನು ಕೊಡಲಿಲ್ಲ. ಮಗು ಅಜ್ಜಿಯನ್ನೇ 'ಅವ್ವ' ಎನ್ನಲು ಕಲಿಯಿತು. ಸೌದೆ ಕೋಣೆಯ ಬಾಗಿಲಲ್ಲಿ ನಿಂತ ತಾಯಿಯನ್ನು ಕಂಡರೆ ಚೀರಿ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿತ್ತು.

ಆ ಹನ್ನೊಂದು ತಿಂಗಳು ಇಂದ್ರಮ್ಮನನ್ನು ನೋಡಲು ಬರುತ್ತಿದ್ದವಳು ಅರುಂಧತಿ ಒಬ್ಬಳೇ. ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಇಂದ್ರಮ್ಮನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಹದಿನೈದು ದಿನಕ್ಕೊಮ್ಮೆ ಮಂಡ್ಯದಿಂದ ಎರಡು ಬಸ್ಸು ಹತ್ತಿ ಬಂದು, ಸೌದೆ ಕೋಣೆಯಲ್ಲೇ ಕೂತು, ಅದೇ ಬೇರೆ ಮಾಡಿದ ಲೋಟದಲ್ಲಿ ನೀರು ಕುಡಿದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋಗುತ್ತಿದ್ದಳು. ಇಂದ್ರಮ್ಮ ಯೇಸುವನ್ನು ಮೊದಲು ನಂಬಿದ್ದು ಆ ಲೋಟದಿಂದಲೇ. ವಾಸಿಯಾದ ಮೇಲೆ ಮದ್ದೂರಿನ ಸಭೆಗೆ ಹೋಗಲು ಶುರುಮಾಡಿದಳು. ಹಳೆಯ ಅಕ್ಕಿ ಗಿರಣಿಯ ಹಿಂದೆ ಶೀಟು ಹೊದಿಸಿದ ಒಂದು ಹಾಲು. ನಡೆಸುವವರು ಮರಿಸಿದ್ದಯ್ಯ ಎನ್ನುವ ನಿವೃತ್ತ ಮೇಷ್ಟ್ರು. ಮೊದಲ ಭಾನುವಾರ ಅವಳು ತಂದ ಕಪ್ಪು ರಟ್ಟಿನ ದೇವರ ಪುಸ್ತಕವನ್ನು ಪಟ್ಟಲಮ್ಮ ತಿಪ್ಪೆಗೆ ಎಸೆದರು. ಪುಟ್ಟರಾಜು ಹೋಗು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಪುಸ್ತಕವನ್ನು ಎತ್ತಿ ತಂದು ಒರೆಸಿ ಬಿಸಿಲಿಗೆ ಇಟ್ಟವಳು ಇಂದ್ರಮ್ಮನೇ.

ದೀಕ್ಷಾಸ್ನಾನದ ದಿನ ಅತ್ತೆಯನ್ನು ಕ್ಷಮಿಸಿದ್ದೇನೆ ಎಂದು ಎಲ್ಲರೆದುರು ಹೇಳಿದಳು. ಹಾಗೆಂದೇ ನಂಬಿದ್ದಳು. ಆಮೇಲಿನ ಹದಿಮೂರು ಹದಿನಾಲ್ಕು ವರ್ಷ, ಸಾರಿಗೆ ಒಗ್ಗರಣೆ ಹಾಕುವಾಗಲೂ ಬಾಯಲ್ಲಿ ಅವಳದು ಒಂದೇ ಬೇಡಿಕೆ: "ಯೇಸಪ್ಪ, ನನ್ನನ್ನು ನಿನ್ನ ಹಾಗೆ ಮಾಡು."

ಹೋದ ವರ್ಷದ ಆ ಬೇಸಿಗೆಗೆ ಮುಂಚಿನ ನವೆಂಬರಿನಲ್ಲಿ ಪಟ್ಟಲಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ನಿಂತಿತು. ಇಂದ್ರಮ್ಮ ತಿನ್ನಿಸಿದಳು, ತೊಳೆದಳು, ಮಗ್ಗುಲು ತಿರುಗಿಸಿದಳು. ಮಂಡಿಯೂರಿ ಅತ್ತೆಯ ಪಾದ ತೊಳೆಯುವಾಗ, ಶಿಷ್ಯರ ಕಾಲು ತೊಳೆದ ಯೇಸು ನೆನಪಾಗಿ ಎದೆ ತುಂಬಿ ಬರುತ್ತಿತ್ತು. ಬೇಡಿದ್ದು ಸಿಕ್ಕಿತು, ನಾನು ಬದಲಾದೆ, ಎಂದುಕೊಂಡಳು.

ಮಾರ್ಚ್ ಕೊನೆಯ ವಾರದ ಒಂದು ಬೆಳಿಗ್ಗೆ. ಪುಟ್ಟರಾಜು ಲೋಡು ತಗೊಂಡು ಹೋಗಿದ್ದ. ಆಗಲೇ ಮನೆಯ ಶೀಟು ಕಾಯತೊಡಗಿತ್ತು. ಇಂದ್ರಮ್ಮ ಶಾಲೆಗೆ ಹೊರಡುವ ಮೊದಲು ರಾಗಿ ಗಂಜಿ ತಿನ್ನಿಸಲು ಕೂತಳು. ಮೂರು ತುತ್ತು ಹೋಯಿತು. ನಾಲ್ಕನೆಯದನ್ನು ಪಟ್ಟಲಮ್ಮ ಅವಳ ಮುಖಕ್ಕೆ ಉಗಿದರು. ಒರೆಸಿಕೊಂಡು ಮತ್ತೆ ಚಮಚ ಚಾಚಿದಳು. ಎಡಗೈಯಿಂದ ಬಟ್ಟಲಿಗೆ ಹೊಡೆದರು. ಗಂಜಿ ಹಾಸಿಗೆಗೆ, ಅವಳ ಸೀರೆಗೆ, ಗೋಡೆಗೆ ಹಾರಿತು.

ಇಂದ್ರಮ್ಮ ಬೈಯಲಿಲ್ಲ, ಕೂಗಲಿಲ್ಲ. ಅದೇ ಆಮೇಲೆ ಅವಳನ್ನು ಹೆಚ್ಚು ಹೆದರಿಸಿದ್ದು. ಹಾಸಿಗೆ ಒರೆಸಿದಳು, ಸೀರೆ ಬದಲಿಸಿದಳು. ಅತ್ತೆಯ ಎಡಗೈಗೆ ಎಟುಕುವಂತೆ ಸ್ಟೂಲಿನ ಮೇಲೆ ಯಾವಾಗಲೂ ಒಂದು ನೀರಿನ ಬಾಟಲಿ ಇರುತ್ತಿತ್ತು, ಬಾಯಿಗೆ ಎಳೆಯಲು ಕೊಳವೆ ಸಿಕ್ಕಿಸಿದ್ದು. ಅದನ್ನು ಎತ್ತಿಕೊಂಡಳು. ಎದುರು ಗೋಡೆಯ ಕಿಟಕಿಯ ಬಳಿ ಹೋಗಿ, ಅತ್ತೆಗೆ ಕಾಣುವ ಹಾಗೆ ಕಂಬಿಯ ಪಕ್ಕ ಇಟ್ಟಳು.

"ಈಗ ಕುಡೀರಿ ನೋಡನ," ಅಂದಳು. ತನ್ನ ದನಿ ಅಷ್ಟು ಮೆತ್ತಗಿದ್ದದ್ದು ಅವಳಿಗೆ ಈಗಲೂ ನೆನಪಿದೆ.

ಬಾಗಿಲು ಎಳೆದುಕೊಂಡು ಶಾಲೆಗೆ ಹೋದಳು. ಅರವತ್ತು ಮಕ್ಕಳಿಗೆ ಅನ್ನ ಸಾರು ಮಾಡಿ ಬಡಿಸಿ, ಪಾತ್ರೆ ತೊಳೆದು, ಮೂರೂ ಕಾಲಿಗೆ ಮನೆ ಕಡೆ ಹೊರಟಳು. ಆ ಐದಾರು ಗಂಟೆ ಬಾಟಲಿ ನೆನಪಿಗೇ ಬರಲಿಲ್ಲ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಅದು ಸುಳ್ಳು. ಹನ್ನೆರಡು ಗಂಟೆಗೆ ಮಕ್ಕಳು ನಲ್ಲಿ ಮುಂದೆ ಸಾಲು ನಿಂತಾಗ ನೆನಪಾಗಿತ್ತು. ಶಾಲೆಯಿಂದ ಮನೆಗೆ ಏಳು ನಿಮಿಷದ ದಾರಿ. ಹೋಗಲಿಲ್ಲ.

ಬಾಗಿಲು ತೆಗೆದಾಗ ಪಟ್ಟಲಮ್ಮ ನೆಲದ ಮೇಲಿದ್ದರು. ಮಂಚದಿಂದ ಜಾರಿ ಬಿದ್ದು, ಎಡಗೈಯಲ್ಲಿ ಮೈ ಎಳೆದುಕೊಂಡು ಕಿಟಕಿಯ ಕಡೆಗೆ ಎರಡು ಮೊಳ ಬಂದಿದ್ದರು. ತುಟಿ ಒಡೆದಿತ್ತು. ಕಣ್ಣು ತೆರೆದೇ ಇತ್ತು. ಸತ್ತೇಹೋದರು ಎಂದುಕೊಂಡಳು ಇಂದ್ರಮ್ಮ. ಆ ಕಣ್ಣು ಮೆಲ್ಲಗೆ ತಿರುಗಿ ಅವಳನ್ನು ನೋಡಿತು.

ಎತ್ತಿ ಮಲಗಿಸಿದಳು. ಚಮಚದಲ್ಲಿ ನೀರು ಬಿಟ್ಟಳು. ಅರ್ಧ ನೀರು ಕತ್ತಿಗೇ ಹರಿಯಿತು. ಬಾಟಲಿಯನ್ನು ಮತ್ತೆ ಸ್ಟೂಲಿನ ಮೇಲೆ ಇಟ್ಟ ಮೇಲೆಯೇ ಗಂಡನಿಗೆ ಫೋನು ಮಾಡಿದ್ದು.

"ಅತ್ತೆ ಮಂಚದಿಂದ ಬಿದ್ಬುಟ್ಟವ್ರೆ. ಬೇಗ ಬನ್ನಿ," ಅಂದಳು.

ಡಾಕ್ಟರು ಸೊಂಟಕ್ಕೆ ಪೆಟ್ಟಾಗಿದೆ, ಮೂಳೆ ಮುರಿದಿಲ್ಲ, ಮೈಯಲ್ಲಿ ನೀರು ಕಮ್ಮಿಯಾಗಿದೆ ಎಂದು ಡ್ರಿಪ್ ಹಾಕಿದರು. "ಬಿಸಿಲು ಜಾಸ್ತಿ ಅಲ್ವಾ," ಅಂದರು. ಪುಟ್ಟರಾಜು ತಾಯಿಯ ಕಾಲು ಹಿಡಿದುಕೊಂಡು ಕೂತಿದ್ದ. ಹೆಂಡತಿಗೆ, "ನೀನೇನ್ ಮಾಡೀಯೆ ಬುಡು. ಇಸ್ಕೂಲ್ಗೂ ಓಗ್ಬೇಕು, ಇಲ್ಲೂ ನೋಡ್ಬೇಕು," ಎಂದು ಸಮಾಧಾನ ಹೇಳಿದ. ಅವಳು ಔಷಧಿ ಚೀಟಿ ಇಸಕೊಂಡು ಹೊರಗೆ ಹೋದಳು.

ಆಮೇಲೆ ಆ ಮನೆಯಲ್ಲಿ ಇಂದ್ರಮ್ಮನಿಗೆ ಎಲ್ಲಿ ತಿರುಗಿದರೂ ಅತ್ತೆಯ ಕಣ್ಣು. ಕಸ ಗುಡಿಸಿದರೆ ಪೊರಕೆಯ ಜೊತೆ ಬರುತ್ತಿತ್ತು. ಬಟ್ಟೆ ಮಡಿಸಿದರೆ ಕೈ ಮೇಲಿರುತ್ತಿತ್ತು. ಅವಳು ಕೋಣೆಯಲ್ಲಿರುವಷ್ಟು ಹೊತ್ತು ಪಟ್ಟಲಮ್ಮ ರೆಪ್ಪೆ ಮುಚ್ಚುತ್ತಿರಲಿಲ್ಲ. ನೋಡ್ತೀನಿ, ಬಾಯಿ ಬರಲಿ ನಿನಗೆ ಮಾಡ್ತೀನಿ, ಎನ್ನುವಂತಿತ್ತು ಆ ನೋಟ.

ಕಣ್ಣಿಗಿಂತ ಹೆಚ್ಚು ತನ್ನ ಕೈಗೇ ಹೆದರಿದಳು. ಅಷ್ಟು ಮೆತ್ತಗೆ, ಅಷ್ಟು ಸಲೀಸಾಗಿ ಬಾಟಲಿ ಎತ್ತಿದ ಕೈ ಇನ್ನೇನು ಎತ್ತೀತು? ಮಾತ್ರೆ ಕೊಡುವಾಗ ಮೂರು ಸಲ ಎಣಿಸುವಳು. ಉಗುರು ಕತ್ತರಿಸುವುದನ್ನೇ ಬಿಟ್ಟಳು. ತಲೆದಿಂಬು ಬದಲಿಸಬೇಕಾದರೆ ಪುಟ್ಟರಾಜು ಬರುವವರೆಗೆ ಕಾದು ಅವನ ಕೈಲೇ ಮಾಡಿಸುವಳು. ಮಂಚದ ಸುತ್ತ ಒಂದು ಬಾಟಲಿ ಇದ್ದಲ್ಲಿ ಮೂರು ಇಟ್ಟಳು. ಪುಟ್ಟರಾಜು ನಕ್ಕ. "ಏನಮ್ಮಿ ಇದು, ನೀರಿನ ಅಂಗಡಿ ಮಡಗಿದ್ದೀಯಾ?"

ಪ್ರಾರ್ಥನೆಗೆ ಕೂತರೆ ಹದಿನಾಲ್ಕು ವರ್ಷದ ಆ ಒಂದೇ ಮಾತು ಬಾಯಿಗೆ ಬರುತ್ತಿರಲಿಲ್ಲ. ದೇವರೇ ತಪ್ಪಾಯ್ತು ಎಂದು ಎಷ್ಟೋ ಸಲ ಅತ್ತಿದ್ದಳು. ಅತ್ತ ಮೇಲೂ ಹಗುರವಾಗುತ್ತಿರಲಿಲ್ಲ. ನಾನು ಬದಲಾಗಿಯೇ ಇಲ್ಲ, ಮೇಲೆ ಬರೀ ಸುಣ್ಣ ಬಳಿದುಕೊಂಡಿದ್ದೆ ಎನ್ನಿಸುತ್ತಿತ್ತು. ಇಷ್ಟಾದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡ ಹೊರಗೆ ಹಾಕುತ್ತಾನೆ, ಮಗಳು ಮುಖ ನೋಡುವುದಿಲ್ಲ. ಊರಿನವರು ಏನನ್ನುತ್ತಾರೆ? ಯೇಸು ಸಭೆಗೆ ಹೋಗುವವಳು ಅತ್ತೆಗೆ ನೀರು ಕೊಡದೆ ಕೊಲ್ಲಹೋದಳು ಎನ್ನುತ್ತಾರೆ. ಕರ್ತನ ಹೆಸರು ಕೆಡಬಾರದು, ಅದಕ್ಕೇ ಸುಮ್ಮನಿದ್ದೇನೆ, ಎಂದು ಒಂದು ಕಾರಣವನ್ನೂ ಮಾಡಿಕೊಂಡಳು.

ಜೂನಿನಲ್ಲಿ ದೀಪಿಕ ರಜೆಗೆ ಬಂದಳು. ಬರುವಾಗಲೇ ಒಂದು ದಪ್ಪ ರಟ್ಟು ತಂದಿದ್ದಳು. ಅದರ ಮೇಲೆ ಚಿತ್ರಗಳನ್ನು ಅಂಟಿಸಿದ್ದಳು: ಲೋಟ, ಅನ್ನದ ತಟ್ಟೆ, ಕಕ್ಕಸು, ನೋವಿನ ಮುಖ, ಫ್ಯಾನು.

"ಮಾತು ನಿಂತಿರೋರಿಗೆ ಇಂಗೆ ಅಭ್ಯಾಸ ಮಾಡಿಸ್ತಾರೆ ಕಣಮ್ಮ. ಬೆರಳಲ್ಲಿ ತೋರಿಸ್ತಾ ತೋರಿಸ್ತಾ ಒಂದೊಂದೇ ಮಾತು ಬತ್ತದೆ. ಅಜ್ಜಿ ತಲೆ ಸರಿಯಾಗೇ ಅದೆ, ಎಲ್ಲಾ ನೆನಪದೆ ಅವರಿಗೆ."

ಎಲ್ಲಾ ನೆನಪದೆ. ಇಂದ್ರಮ್ಮ ಬದನೆಕಾಯಿ ಹೆಚ್ಚುವುದನ್ನು ಬಿಟ್ಟು ಎದ್ದು ಕೋಣೆಯ ಬಾಗಿಲಿಗೆ ಬಂದಳು.

ದೀಪಿಕ ಮಂಚದ ಅಂಚಿನಲ್ಲಿ ಕೂತು ರಟ್ಟನ್ನು ಅಜ್ಜಿಯ ಮುಂದೆ ಹಿಡಿದಳು. "ಅಜ್ಜಿ, ನಿಂಗೇನು ಬೇಕು? ತೋರಿಸು."

ಪಟ್ಟಲಮ್ಮನ ಎಡಗೈ ಹಾಸಿಗೆಯಿಂದ ಮೇಲೆದ್ದಿತು. ತುಂಬ ಹೊತ್ತು ಗಾಳಿಯಲ್ಲಿ ನಡುಗಿ ಲೋಟದ ಚಿತ್ರದ ಮೇಲೆ ಬಿತ್ತು.

"ನೀರು! ನೋಡಮ್ಮ, ಒಂದೇ ಸಲಕ್ಕೆ!" ದೀಪಿಕ ಬಾಟಲಿಯ ಕೊಳವೆ ಬಾಯಿಗಿಟ್ಟಳು. ಪಟ್ಟಲಮ್ಮ ಬಾಯಿ ತೆರೆಯಲಿಲ್ಲ. ಬೆರಳು ರಟ್ಟನ್ನು ಬಿಟ್ಟು ಎದುರಿನ ಕಿಟಕಿಯನ್ನು ತೋರಿಸಿತು. ಮತ್ತೆ ಲೋಟಕ್ಕೆ ಬಂತು. ಮತ್ತೆ ಕಿಟಕಿಗೆ. ಆಮೇಲೆ ನಿಧಾನವಾಗಿ ತಿರುಗಿ, ಬಾಗಿಲಲ್ಲಿ ನಿಂತಿದ್ದ ಇಂದ್ರಮ್ಮನ ಕಡೆ ಬಂದು ನಿಂತಿತು.

"ಕಿಟಕಿ ತೆಗೀಬೇಕಾ ಅಜ್ಜಿ? ಅಮ್ಮ ತೆಗೀಬೇಕಾ? ಅಮ್ಮ, ಸೆಕೆ ಅಂತವ್ರೆ, ಕಿಟಕಿ ತಗಿ."

ಇಂದ್ರಮ್ಮ ಹೋಗಿ ಕಿಟಕಿ ತೆಗೆದಳು. ಕಂಬಿ ಹಿಡಿದುಕೊಂಡು ಬೆನ್ನು ಹಾಕಿ ನಿಂತಳು. ಬೆನ್ನ ಮೇಲೆ ಆ ಬೆರಳು ಇನ್ನೂ ಚುಚ್ಚುತ್ತಿದೆ ಎನ್ನಿಸಿತು. ಮಗಳು ದಿನಕ್ಕೆ ಎರಡು ಸಲ ಅಭ್ಯಾಸ ಮಾಡಿಸಿದಳು. ಒಂದು ವಾರಕ್ಕೆ ಪಟ್ಟಲಮ್ಮನ ಗಂಟಲಿನಿಂದ 'ನೀ… ನೀ…' ಎಂದು ಬರತೊಡಗಿತು. ಪುಟ್ಟರಾಜು ಖುಷಿಯಿಂದ ಎಲ್ಲರಿಗೂ ಫೋನು ಮಾಡಿ ಹೇಳಿದ. ಆ ಸದ್ದು ಕೇಳಿದಾಗೆಲ್ಲ ಇಂದ್ರಮ್ಮ ಹಿತ್ತಿಲಿಗೆ ಹೋಗುವಳು.

ಅದೇ ವಾರ ಮರಿಸಿದ್ದಯ್ಯನವರು ಸಭೆ ಮುಗಿದ ಮೇಲೆ ಅವಳನ್ನು ಕರೆದರು. "ಮುಂದಿನ ತಿಂಗಳು ಮಳವಳ್ಳಿ ಕಡೆ ವಿಶ್ವಾಸಿಗಳೂ ಬರ್ತಾರಮ್ಮ. ನೀನೊಂದು ಸಾಕ್ಷಿ ಹೇಳ್ಬೇಕು. ನಮ್ಮನ್ನ ನೋಯಿಸಿದವರ ಸೇವೆ ಮಾಡಿ ಕ್ರಿಸ್ತನ ಹಾಗೆ ಆಗೋದು ಹೇಗೆ ಅಂತ. ಪುಸ್ತಕದ ಮಾತಿಗಿಂತ ನಿನ್ನ ಬದುಕೇ ಚೆನ್ನಾಗಿ ಹೇಳತ್ತೆ."

ಅವಳು ತಲೆಯಾಡಿಸಿದಳು. ಮನೆಗೆ ಹೋಗುವ ಬಸ್ಸಿನ ಬದಲು ಮಂಡ್ಯದ ಬಸ್ಸು ಹತ್ತಿದಳು.

ಅರುಂಧತಿಗೆ ಈಗ ಮಂಡಿ ನೋವು, ಆಸ್ಪತ್ರೆ ಕೆಲಸ ಬಿಟ್ಟಿದ್ದಳು. ಇಂದ್ರಮ್ಮ ಒಳಗೆ ಬಂದವಳೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಬಾಟಲಿ, ಕಿಟಕಿ, ಹನ್ನೆರಡು ಗಂಟೆಗೆ ನೆನಪಾಗಿದ್ದು, ಬಾಟಲಿಯನ್ನು ಮತ್ತೆ ಸ್ಟೂಲಿಗೆ ಇಟ್ಟು ಫೋನು ಮಾಡಿದ್ದು. ಅರುಂಧತಿ ಅವಳ ಬೆನ್ನು ಸವರುತ್ತಾಳೆ, ದೇವರು ಕ್ಷಮಿಸಿದ್ದಾನೆ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದಳು. ಅರುಂಧತಿ ಹಾಗೆ ಮಾಡಲಿಲ್ಲ.

"ದೇವರ ಹತ್ರ ಯೋಳಿದ್ದೀಯ. ನನ್ನ ಹತ್ರ ಯೋಳ್ದೆ. ನಿಮ್ಮತ್ತೆ ಹತ್ರ ಯೋಳಿದ್ಯಾ?"

"ಅವರಿಗೆ ಗೊತ್ತಲ್ಲಕ್ಕ."

"ನೀನು ಮಾಡಿದ್ದು ಅವರಿಗೆ ಗೊತ್ತು. ನಿಂಗೆ ಅದು ತಪ್ಪು ಅನ್ನಿಸ್ತದೆ ಅನ್ನೋದು ಅವರಿಗೆ ಗೊತ್ತಾ?"

"ನಂಗೆ ಭಯ ಆಯ್ತದೆ ಅಕ್ಕ," ಅಂದಳು ಇಂದ್ರಮ್ಮ.

"ಆಗ್ಲಿ. ಭಯ ಓಗೋಗಂಟ ಕಾದ್ರೆ ಯೋಳಕ್ಕೇ ಆಗಲ್ಲ. ಎದ್ದೋಗು, ಬಸ್ಸು ತಪ್ಪೋಯ್ತದೆ."

ಮರುದಿನ ಬೆಳಿಗ್ಗೆ ಪುಟ್ಟರಾಜು ಹೊರಟ ಮೇಲೆ, ದೀಪಿಕ ಕೆರೆಯ ಹತ್ತಿರದ ಅಂಗಡಿಗೆ ಹೋಗಿದ್ದಾಗ, ಇಂದ್ರಮ್ಮ ಕೋಣೆಗೆ ಹೋದಳು. ಮಂಚದ ಪಕ್ಕದಲ್ಲಿ ನಿಂತಳು. ಕಣ್ಣುಗಳು ಅವಳನ್ನು ಹಿಡಿದವು.

"ಅತ್ತೆ, ಅವತ್ತು ನಾನು ಬೇಕು ಅಂತ್ಲೇ ನೀರು ತಗ್ದು ಅಲ್ಲಿ ಇಟ್ಟೆ. ಮರ್ತು ಇಟ್ಟಿದ್ದಲ್ಲ. ನೀವು ಬಾಯಾರ್ಕೊಂಡು ನೋಡ್ಲಿ ಅಂತ ಇಟ್ಟೆ. ತಪ್ಪಾಯ್ತು…" ಎನ್ನುತ್ತ ಕಾಲು ಮುಟ್ಟಲು ಬಗ್ಗಿದಳು.

ಪಟ್ಟಲಮ್ಮನ ಮೈ ಒಮ್ಮೆಲೇ ಬಿಗಿಯಿತು. ಇದ್ದ ಒಂದು ಕೈಯನ್ನು ಮುಖದ ಮುಂದೆ ಅಡ್ಡ ಹಿಡಿದುಕೊಂಡರು. ಗೋಡೆಯ ಕಡೆಗೆ ಸರಿಯಲು ಒದ್ದಾಡಿದರು. ಹಾಸಿಗೆ ಒದ್ದೆಯಾಯಿತು. ಗಂಟಲಿನಿಂದ ಎಳೆದೆಳೆದು ಒಂದು ಮಾತು ಬಂತು.

"ಬ್ಯಾಡ… ಬ್ಯಾ… ಬ್ಯಾಡ…"

ಇಂದ್ರಮ್ಮ ಬಗ್ಗಿದಲ್ಲೇ ನಿಂತಳು. ಅತ್ತೆಗೆ ಲಕ್ವದ ನಂತರ ಬಂದ ಮೊದಲ ಪೂರ್ತಿ ಮಾತು ಅದು. ಆಗಷ್ಟೇ ಅವಳಿಗೆ ಕಂಡಿತು. ಮೂರು ತಿಂಗಳು ತನ್ನ ಬೆನ್ನು ಹತ್ತಿದ ಆ ಕಣ್ಣುಗಳಲ್ಲಿ ಸೇಡು ಇರಲಿಲ್ಲ, ಹೆದರಿಕೆ ಇತ್ತು. ಏಳಲಾಗದ, ಕೂಗಲಾಗದ ಹೆಂಗಸು, ತನ್ನನ್ನು ಸಾಯಿಸಹೋದವಳ ಕೈಯಿಂದಲೇ ದಿನಾ ಮೂರು ಹೊತ್ತು ತಿನ್ನಬೇಕು. ಅವಳು ಕೋಣೆಯಲ್ಲಿರುವಾಗ ಕಣ್ಣು ಮುಚ್ಚುವುದು ಹೇಗೆ? ಇಂದ್ರಮ್ಮ ಇಷ್ಟು ದಿನ ಹೆದರಿದ್ದೆಲ್ಲ ತನಗಾಗಿ: ತನ್ನ ಮನೆ, ತನ್ನ ಹೆಸರು, ತನ್ನ ಆತ್ಮ. ಅದೇ ಕೋಣೆಯಲ್ಲಿ ತನಗಿಂತ ಹತ್ತು ಪಾಲು ಹೆದರಿ ಮಲಗಿದ್ದವರೊಬ್ಬರು ಇದ್ದರು ಎಂದು ಒಂದು ಸಲವೂ ಹೊಳೆದಿರಲಿಲ್ಲ.

ಅವಳು ಹಿಂದಕ್ಕೆ ಸರಿದಳು, ಬಾಗಿಲವರೆಗೂ. "ಬರಲ್ಲ ಅತ್ತೆ. ಹತ್ರ ಬರಲ್ಲ," ಅಂದಳು. ದೀಪಿಕ ಬಂದು ಹಾಸಿಗೆ ಬದಲಿಸುವವರೆಗೆ ಹೊಸಿಲ ಆಚೆಯೇ ಕೂತಿದ್ದಳು.

ಇನ್ನು ಗಂಡನಿಗೆ ಹೇಳದೆ ವಿಧಿಯಿರಲಿಲ್ಲ. ಹೇಳದಿದ್ದರೆ ರಜೆ ಮುಗಿದು ಮಗಳು ಹೋದ ಮೇಲೆ ಅತ್ತೆ ಮತ್ತೆ ಅವಳೊಬ್ಬಳ ಕೈಗೆ ಬೀಳುತ್ತಾರೆ. ಸಂಜೆ ಪುಟ್ಟರಾಜು ಕೈಕಾಲು ತೊಳೆದುಕೊಂಡು ಬಂದು ಅವ್ವನ ಮಂಚದ ಹತ್ತಿರ ಕೂತಾಗ, ದೀಪಿಕಳನ್ನೂ ಕರೆದಳು. ಬಾಗಿಲಲ್ಲಿ ನಿಂತೇ ಹೇಳಿದಳು.

ಪುಟ್ಟರಾಜುವಿಗೆ ಮೊದಲು ಅರ್ಥವಾಗಲಿಲ್ಲ. "ಏನ್ ಮಾತಾಡ್ತಿದ್ದೀಯಮ್ಮಿ?" ಅಂದ. ತಾಯಿಯ ಕಡೆ ತಿರುಗಿದ. ಪಟ್ಟಲಮ್ಮ ಅಳುತ್ತಿದ್ದರು. ಕಿಟಕಿಯ ಕಡೆ ಬೆರಳು ಮಾಡಿ ಅಳುತ್ತಿದ್ದರು. ದೀಪಿಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅವನು ಎದ್ದು ಬಂದ. ಕೈ ಎತ್ತಿದ. ಇಂದ್ರಮ್ಮ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ.

"ನಿನ್ ಯೇಸಪ್ಪ ಯೋಳ್ಕೊಟ್ಟಿದ್ದು ಇದ್ನೇನಾ?"

"ಇಲ್ಲ. ಇದು ನಂದೇ," ಅಂದಳು.

"ನಮ್ಮವ್ವನ ರೂಮ್‌ಗೆ ಕಾಲಿಟ್ಟೀಯೆ!" ಅವನ ದನಿ ಒಡೆದಿತ್ತು. ಸ್ಟೂಲನ್ನು ಒದ್ದು ಹೊರಗೆ ಹೋದ.

ಹನ್ನೊಂದು ದಿನ ಇಂದ್ರಮ್ಮ ಆ ಕೋಣೆಗೆ ಹೋಗಲಿಲ್ಲ. ಅಡುಗೆ ಮಾಡಿ ಹೊಸಿಲಿನಲ್ಲಿ ಇಡುವಳು. ಪುಟ್ಟರಾಜು ಲೋಡಿಗೆ ಹೋಗುವುದು ಬಿಟ್ಟ. ತಿನ್ನಿಸುವುದು ತೊಳೆಯುವುದು ಅವನು ಮತ್ತು ಮಗಳು. ದೀಪಿಕ ಅವಳೊಂದಿಗೆ ಮಾತಾಡಲಿಲ್ಲ. ಪಕ್ಕದಲ್ಲಿ ಹಾದುಹೋಗುವಾಗ ಸೆರಗು ತಗುಲದಂತೆ ಸರಿಯುತ್ತಿದ್ದಳು. ಸೌದೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಆ ವರ್ಷಕ್ಕಿಂತ ಈ ದಿನಗಳು ಇಂದ್ರಮ್ಮನಿಗೆ ಕಷ್ಟವಾದವು, ಆಗ ತಪ್ಪು ಅವಳದಾಗಿರಲಿಲ್ಲ. ಯಾವ ಗಳಿಗೆಯಲ್ಲಿ ತವರಿಗೆ ಹೋಗೆನ್ನುತ್ತಾನೋ ಎಂದು ಸೀರೆಗಳನ್ನು ಮಡಿಸಿಟ್ಟೇ ಇದ್ದಳು.

ಸಾಕ್ಷಿಯ ಭಾನುವಾರ ಹೋಗದೆ ಇರಬಹುದಿತ್ತು. ಹೋದಳು. ಎದ್ದು ನಿಂತು ಆರೇಳು ಮಾತಿನಲ್ಲಿ ನಡೆದದ್ದನ್ನು ಹೇಳಿ, "ನನ್ನ ಹೊಗಳಬ್ಯಾಡಿ. ನಮ್ಮತ್ತೆಗೆ ಭಯ ಓಗ್ಲಿ ಅಂತ ಪ್ರಾರ್ಥನೆ ಮಾಡಿ," ಎಂದು ಕೂತಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದಿನ ಸಾಲಿಗೆ ಹೋದಳು. ಮರಿಸಿದ್ದಯ್ಯನವರ ಬಾಯಿಂದ ಆ ದಿನ ಸಂದೇಶ ಸರಿಯಾಗಿ ಹೊರಡಲಿಲ್ಲ, ಎರಡು ಸಲ ತಡವರಿಸಿ ಬೇಗ ಮುಗಿಸಿದರು. ಆಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದವಳ ಬಳಿ ಬಂದರು.

"ನವೆಂಬರಿಂದ ಎಲ್ಲರೂ ನಿನ್ನ ಹೊಗಳಿದ್ವಿ. ನಿನಗೆ ಕೈ ಸೋತಿದ್ಯೇನಮ್ಮ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ," ಅಂದರು. ಮುಂದಿನ ಬುಧವಾರ ಅವರ ಹೆಂಡತಿ ಮತ್ತು ಇನ್ನೊಬ್ಬರು ಆತಗೂರಿನ ಬಸ್ಸಿಳಿದು ನಡೆದು ಬಂದು, ಪಟ್ಟಲಮ್ಮನ ಬಟ್ಟೆಗಳನ್ನೆಲ್ಲ ಒಗೆದು ಹೋದರು. ಪುಟ್ಟರಾಜು ಅವರಿಗೆ ಕಾಫಿ ಕೊಡಿಸಿದ, ಮಾತಾಡಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಅವನು ಹಿತ್ತಿಲಿಗೆ ಬಂದ. ಕಣ್ಣಿನ ಸುತ್ತ ಕಪ್ಪಾಗಿತ್ತು. ತೊಳೆಯುವ ಕಲ್ಲಿನ ಮೇಲೆ ಕೂತ.

"ನಿನ್ನೆ ಅವ್ವ ಗಂಜಿ ಉಗುದ್ಲು. ನನ್ನ ಮುಖಕ್ಕೆ," ಅಂದ. "ನಂಗೂ ಎಂಗಾಯ್ತು ಗೊತ್ತಾ? ಎತ್ತಿ ಬಿಸಾಕ್ಬುಡವಾ ಅನ್ನಿಸ್ತು. ಹೆತ್ತವ್ವನ್ನ."

ಇಂದ್ರಮ್ಮ ಚೆಂಬಿನಲ್ಲಿ ನೀರು ತಂದು ಅವನ ಮುಂದೆ ಇಟ್ಟಳು.

"ಬಾ ಒಳಕ್ಕೆ. ಆದ್ರೆ ಯಾರಾದ್ರೂ ಇರೋವಾಗ್ಲೇ ಬರ್ಬೇಕು. ಒಬ್ಬಳೇ ಬರಂಗಿಲ್ಲ."

"ಸರಿ. ನಾನೂ ಅದ್ನೇ ಕೇಳ್ಬೇಕು ಅಂತಿದ್ದೆ," ಅಂದಳು.

ಹಾಗೇ ನಡೆಯಿತು. ದೀಪಿಕ ಮಂಡ್ಯಕ್ಕೆ ಹೋದ ಮೇಲೆ ಪಕ್ಕದ ಮನೆಯ ಶ್ವೇತ, ಹೊಲಿಗೆ ಮಿಷನ್ನನ್ನು ತಂದು ಪಟ್ಟಲಮ್ಮನ ಕೋಣೆಯ ಬಾಗಿಲಲ್ಲಿ ಇಟ್ಟುಕೊಂಡಳು. ಯಾಕೆ ಎಂದು ಅವಳಿಗೂ ಇಂದ್ರಮ್ಮನೇ ಹೇಳಿದ್ದಳು. ಶ್ವೇತ ಹೊಲಿಯುತ್ತ ಒಂದು ಕಣ್ಣು ಇಟ್ಟಿರುತ್ತಿದ್ದಳು. ಊರಿಗೆಲ್ಲ ಸುದ್ದಿ ಹಬ್ಬಿತು. ಶಾಲೆಯಲ್ಲಿ ಇನ್ನೊಬ್ಬ ಅಡುಗೆಯವಳು ಕೆಲವು ದಿನ ಅವಳು ಮುಟ್ಟಿದ ಸೌಟನ್ನು ತೊಳೆದು ಮುಟ್ಟಿದಳು. ಇಂದ್ರಮ್ಮ ಯಾರಿಗೂ ಎದುರಾಡಲಿಲ್ಲ. ಕೋಣೆಗೆ ಹೋಗುವ ಮೊದಲು ಹೊಸಿಲಲ್ಲಿ ನಿಂತು, "ಅತ್ತೆ, ಬರ್ಲಾ?" ಎಂದು ಕೇಳುವಳು. ಪಟ್ಟಲಮ್ಮ ತಲೆ ಅಲ್ಲಾಡಿಸಿ ಬೇಡ ಎಂದರೆ ಶ್ವೇತಳ ಕೈಯಲ್ಲಿ ತಟ್ಟೆ ಕೊಟ್ಟು ಹಿಂದಕ್ಕೆ ಹೋಗುವಳು. ಏನು ಮಾಡುವುದಿದ್ದರೂ ಮೊದಲು ಹೇಳಿ ಆಮೇಲೆ ಕೈ ಮುಂದೆ ಮಾಡುವಳು: "ಈಗ ದಿಂಬು ಎತ್ತೀನಿ." "ಈಗ ಮುಖ ಒರೆಸ್ತೀನಿ." ಆ ದಿನಗಳಲ್ಲಿ ಎದೆ ತುಂಬಿ ಬರುವುದೆಲ್ಲ ನಿಂತುಹೋಗಿತ್ತು. ಪಾದ ತೊಳೆಯುವಾಗ ಯೇಸು ನೆನಪಾಗುತ್ತಿರಲಿಲ್ಲ. ಅತ್ತೆಯ ಹಿಮ್ಮಡಿಯ ಬಿರುಕಿಗೆ ನೀರು ತಾಗಿ ಉರಿಯುತ್ತದೋ ಏನೋ ಎನ್ನುವುದಷ್ಟೇ ಮನಸ್ಸಿನಲ್ಲಿರುತ್ತಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಅವಳು ಅತ್ತೆಯ ತಲೆ ಬಾಚುತ್ತಿದ್ದಳು. ಮಳೆ ಬಂದು ನಿಂತು ತಂಪಾಗಿತ್ತು. ಇದ್ದಕ್ಕಿದ್ದಂತೆ ಶ್ವೇತ ಮಿಷನ್ನು ನಿಲ್ಲಿಸಿ, ಮಾತಾಡದೆ ಕೈಸನ್ನೆ ಮಾಡಿದಳು. ಇಂದ್ರಮ್ಮ ಬಗ್ಗಿ ನೋಡಿದಳು. ಪಟ್ಟಲಮ್ಮ ನಿದ್ದೆ ಹೋಗಿದ್ದರು. ಅವಳ ಕೈ ತಲೆಯ ಮೇಲಿರುವಾಗಲೇ, ಬಾಯಿ ಸ್ವಲ್ಪ ತೆರೆದು, ಗೊರಕೆ ಹೊಡೆಯುತ್ತ. ಬಾಚಣಿಗೆ ತೆಗೆದರೆ ಎಲ್ಲಿ ಎಚ್ಚರವಾಗುತ್ತದೋ ಎಂದು ಇಂದ್ರಮ್ಮ ಹಾಗೇ ಅಲುಗದೆ ಕೂತಳು. ಎಷ್ಟು ಹೊತ್ತು ಕೂತಳೋ, ಕಾಲು ಜೋಮು ಹಿಡಿಯಿತು.

ಪಟ್ಟಲಮ್ಮನಿಗೆ ಈಗ ಇಪ್ಪತ್ತು ಮೂವತ್ತು ಮಾತು ಬರುತ್ತದೆ. ಹೆಚ್ಚಿನವು ಬೈಗುಳ. ಕ್ಷಮಿಸಿದೆ ಎಂದು ಅವರು ಹೇಳಿಲ್ಲ, ಇಂದ್ರಮ್ಮ ಕೇಳಿಯೂ ಇಲ್ಲ. ಹನ್ನೊಂದು ತಿಂಗಳು ಮಗುವನ್ನು ಕೊಡದಿದ್ದದ್ದರ ಬಗ್ಗೆಯೂ ಆ ಮನೆಯಲ್ಲಿ ಯಾರೂ ಮಾತೆತ್ತಿಲ್ಲ. ದೀಪಿಕ ತಾಯಿಗೆ ಮತ್ತೆ ಫೋನು ಮಾಡಲು ದೀಪಾವಳಿ ಕಳೆಯಬೇಕಾಯಿತು. ಮಾಡಿದಾಗಲೂ ಮೊದಲು ಕೇಳಿದ್ದು ಅಜ್ಜಿಯ ಬಿಪಿ ಮಾತ್ರೆಯ ವಿಷಯ.

ಈ ವರ್ಷ ಸಂಕ್ರಾಂತಿಯ ಮರುವಾರ ಪುಟ್ಟರಾಜು ಮೊದಲ ಸಲ ಅವರಿಬ್ಬರನ್ನೇ ಬಿಟ್ಟು ಲೋಡಿಗೆ ಹೋದ. ಶ್ವೇತ ಮದುವೆಗೆಂದು ಮಳವಳ್ಳಿಗೆ ಹೋಗಿದ್ದಳು. ಇಂದ್ರಮ್ಮ ಬೇಡವೆಂದು ಅಂಗಲಾಚಿದ್ದಳು. ಅವನು ಟೆಂಪೊ ಹತ್ತುತ್ತ, "ಸಂಜೆ ಬತ್ತೀನಲ್ಲ," ಅಂದಿದ್ದ. ಅವತ್ತು ಶಾಲೆಗೆ ರಜೆ ಹಾಕಿ ಇಡೀ ದಿನ ಮನೆಯಲ್ಲೇ ಇದ್ದಳು.

ಸಂಜೆ ಅವನು ಬಂದು ಮುಖ ತೊಳೆಯುವಾಗ ಟವೆಲು ಹಿಡಿದು ನಿಂತಳು.

"ಇವತ್ತು ಸಿಟ್ಟು ಬಂತು," ಅಂದಳು. "ಮಧ್ಯಾಹ್ನ ಮಾತ್ರೆ ಉಗುದ್ರು, ಎರಡು ಸಲ. ನನ್ನ ಕೈ ಬಿಗಿಯಾಯ್ತು. ತಟ್ಟೆ ಕೆಳಗಿಟ್ಟು ಆಚೆ ಬಂದು ಇಲ್ಲೇ ನಿಂತ್ಕಂಡಿದ್ದೆ. ಪ್ರಾರ್ಥನೆ ಮಾಡ್ದೆ. ಸಿಟ್ಟು ಇಳಿದ ಮೇಲೆ ಓಗಿ ಮಾತ್ರೆ ಕೊಟ್ಟೆ. ತಗಂಡ್ರು."

ಪುಟ್ಟರಾಜು ಮುಖ ಒರೆಸಿಕೊಳ್ಳುತ್ತ ಅವಳನ್ನು ನೋಡಿದ. ಒಳಗಿನಿಂದ ಪಟ್ಟಲಮ್ಮ ಯಾರನ್ನೋ ಏನೋ ಅರ್ಧಮರ್ಧ ಮಾತಿನಲ್ಲಿ ಬೈಯುತ್ತಿದ್ದರು.

"ಸರಿ," ಅಂದ. "ಮುದ್ದೆಗೆ ಎಸರು ಇಡು. ನಾನು ಅವ್ವನ ಮಗ್ಗುಲು ತಿರುಗಿಸಿ ಬತ್ತೀನಿ."